ಅತ್ತೆಯ ಕಪ್ಪೆಗೆ ನಾನು ಮಾಡಿಸಿದ ಸ್ನಾನ

ನನ್ನ ಕೈಯಲ್ಲಿ ರಿಪೇರಿ ಆಗದ ವಸ್ತು ಈ ಮನೆಯಲ್ಲಿ ಇನ್ನೂ ಹುಟ್ಟಿಲ್ಲ! ಹೊಲಿಗೆ ಯಂತ್ರ, ಮಿಕ್ಸಿ, ತೊಟ್ಟಿಕ್ಕುವ ನಲ್ಲಿ, ಯಾವುದನ್ನೂ ನಾನು ಯಾರ ಹತ್ತಿರವೂ ಹೋಗಿ ಕಲಿತವಳಲ್ಲ. ಬಿಚ್ಚುವುದು, ಒಳಗೆ ಇಣುಕುವುದು, ದೇವರ ಹೆಸರು ಹೇಳಿ ಮತ್ತೆ ಜೋಡಿಸುವುದು. ಕೊನೆಗೆ ಒಂದೆರಡು ಸ್ಕ್ರೂ ಉಳಿದರೆ, ಕಂಪನಿಯವರು ಧಾರಾಳವಾಗಿ ಹೆಚ್ಚಿಗೆ ಹಾಕಿದ್ದಾರೆ ಎಂದು ಡಬ್ಬಿಗೆ ಸೇರಿಸುವುದು. ಅಷ್ಟೇ ನನ್ನ ವಿದ್ಯೆ.

ಆ ವಿದ್ಯೆಯ ಸೊಕ್ಕಿನಲ್ಲೇ ಒಂದು ಭಾನುವಾರ ಬೆಳಿಗ್ಗೆ ಮಹಾ ಸಂಕಲ್ಪ ಮಾಡಿದೆ: ಇವತ್ತು ಅತ್ತೆಯ ಬೊಂಬೆಗಳನ್ನು ಉದ್ಧಾರ ಮಾಡಿಯೇ ತೀರುತ್ತೇನೆ!

ನಗಬೇಡಿ. ನಮ್ಮ ಮನೆಯಲ್ಲಿ ಬೊಂಬೆಗಳು ಮಗಳಿಗಿಂತ ಹೆಚ್ಚಾಗಿ ಎಪ್ಪತ್ತೆರಡು ವರ್ಷದ ಅತ್ತೆಗೇ ಸೇರಿದವು. ಹೋದ ವರ್ಷ ಅವರ ಮಂಡಿ ಆಪರೇಷನ್ ಆಯಿತು. ಕೂತು ಕೂತು ಅವರಿಗೆ ಬೇಜಾರು, ಅವರ ಬೇಜಾರು ಕೇಳಿ ಕೇಳಿ ನಮಗೆ ಬೇಜಾರು. ಏಳನೇ ಕ್ಲಾಸಿನ ಮಗಳು ಅಜ್ಜಿಗೆ ತನ್ನ ವಿಡಿಯೋ ಗೇಮು ಕಲಿಸಿದಳು. ಟಿವಿಗೆ ವೈರು ಜೋಡಿಸಿದ ಒಂದು ಹೊಳೆಯುವ ತಟ್ಟೆ ಇರುತ್ತದೆ. ಅದರ ಮೇಲೆ ಬೊಂಬೆ ಇಟ್ಟರೆ ಸಾಕು, ಆ ಬೊಂಬೆ ಟಿವಿಯೊಳಗೆ ಜೀವ ತಳೆದು ಕುಣಿಯುತ್ತದೆ, ಹೊಡೆದಾಡುತ್ತದೆ, ಆಡಿದಷ್ಟೂ ಬಲಿಯುತ್ತದೆ. ಗಳಿಸಿದ ಬಲವನ್ನೆಲ್ಲ ಬೊಂಬೆಯೇ ನೆನಪಿಟ್ಟುಕೊಳ್ಳುತ್ತದಂತೆ!

ಅತ್ತೆ ಸಾಕಿದ್ದು ಒಂದು ಕಪ್ಪೆಯನ್ನು. ಎದೆಗೆ ಕವಚ, ಕೈಯಲ್ಲಿ ಸುತ್ತಿಗೆ, ಮುಖದಲ್ಲಿ ದಿನಸಿ ಅಂಗಡಿಯವನ ಗತ್ತು. ಹೆಸರು ಕಪ್ಪೆರಾಯ. ಅದರ ಗುಣಗಾನವನ್ನು ಅವರು ನನಗೆ ಇನ್ನೂರು ಸಲವಾದರೂ ಮಾಡಿದ್ದಾರೆ. ಯಾರು ಏನು ಹೇಳಿದರೂ ತಾಳ್ಮೆಯಿಂದ ಕೇಳುವವಳು ಎಂದು ನನಗೆ ಬಂಧುಬಳಗದಲ್ಲಿ ಹೆಸರಿದೆ. ಕೇಳಿದ್ದೆ. ತಲೆಯಾಡಿಸಿಯೂ ಇದ್ದೆ. ತಲೆಯೊಳಗೆ ಮಾತ್ರ ಏನೂ ಹೋಗಿರಲಿಲ್ಲ ಎಂಬುದು ಆ ದಿನವೇ ಗೊತ್ತಾಗಿದ್ದು.

ಪ್ರತಿ ತಿಂಗಳ ಮೊದಲ ಭಾನುವಾರ ನಾಲ್ಕು ಗಂಟೆಗೆ ಅತ್ತೆಯ ತಂಗಿ, ಅಂದರೆ ನಮ್ಮ ಚಿಕ್ಕತ್ತೆ, ಪಂದ್ಯಕ್ಕೆ ಬರುತ್ತಾರೆ. ಅವರದೊಂದು ಹದ್ದು ಇದೆ. ಏಳು ತಿಂಗಳಲ್ಲಿ ಏಳು ಪಂದ್ಯ, ಏಳರಲ್ಲೂ ಹದ್ದೇ ಗೆದ್ದಿತ್ತು. ಗೆದ್ದ ಸುದ್ದಿಯನ್ನು ಚಿಕ್ಕತ್ತೆ ಒಬ್ಬೊಬ್ಬರಿಗೂ ಫೋನು ಮಾಡಿ ತಿಳಿಸುತ್ತಾರೆ.

"ಚಿಕ್ಕಂದಿನಿಂದಲೂ ಇದೇ ಕಥೆ ಕಣೇ," ಎಂದರು ಅತ್ತೆ ಆ ಪಂದ್ಯದ ದಿನ ಬೆಳಿಗ್ಗೆ, ತಲೆ ಬಾಚಿಸಿಕೊಳ್ಳುತ್ತಾ. "ಕುಂಟೆಬಿಲ್ಲೆಯಲ್ಲೂ ಅವಳೇ ಗೆದ್ದಳು, ಓಟದಲ್ಲೂ ಅವಳೇ. ಸಾಯೋದರೊಳಗೆ ಒಂದು ಸಲ, ಒಂದೇ ಒಂದು ಸಲ ಅವಳು ಸೋತು ಮುಖ ಸಣ್ಣ ಮಾಡಿಕೊಳ್ಳೋದನ್ನ ನೋಡಬೇಕು. ನಿನ್ನೆ ನನ್ನ ಕಪ್ಪೆ ಇಪ್ಪತ್ತನೇ ಲೆವೆಲ್ ಮುಟ್ಟಿದೆ. ಅದರ ಮೇಲೆ ಲೆವೆಲ್ಲೇ ಇಲ್ಲ!"

ಅತ್ತೆ ಮೊಮ್ಮಗಳ ಕೈ ಹಿಡಿದು ಪಾರ್ಕಿಗೆ ನಡೆಯಲು ಹೊರಟ ಕೂಡಲೇ ಕಪಾಟು ತೆಗೆದೆ. ಇಪ್ಪತ್ಮೂರು ಬೊಂಬೆಗಳು, ಒಂದೊಂದರ ಮೇಲೂ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಇಪ್ಪತ್ತನೇ ಲೆವೆಲಿನ ಮಹಾವೀರ ಇಂಥ ಅವತಾರದಲ್ಲಿ ರಣರಂಗಕ್ಕೆ ಹೋಗುವುದೇ? ಬಕೆಟ್ಟಿಗೆ ಬಿಸಿನೀರು, ಸೋಪಿನ ಪುಡಿ ಹಾಕಿ ಇಪ್ಪತ್ಮೂರನ್ನೂ ಸಾಮೂಹಿಕ ಸ್ನಾನಕ್ಕೆ ಇಳಿಸಿದೆ.

ಕಾಲು ಗಂಟೆ ಬಿಟ್ಟು ನೋಡಿದರೆ ಬೊಂಬೆಗಳು ಒಂದು ಕಡೆ ತೇಲುತ್ತಿವೆ, ಕಾಲ ಕೆಳಗಿನ ದುಂಡನೆಯ ಪೀಠಗಳು ಇನ್ನೊಂದು ಕಡೆ ಮುಳುಗಿವೆ! ಬಿಸಿಗೆ ಅಂಟು ಬಿಟ್ಟುಕೊಂಡಿತ್ತು.

ಇನ್ನೊಬ್ಬಳಾಗಿದ್ದರೆ ಅಳುತ್ತಿದ್ದಳು. ನಾನು ಸೆರಗು ಸಿಕ್ಕಿಸಿದೆ. ಐದೇ ಸೆಕೆಂಡಿನಲ್ಲಿ ಹಿಡಿಯುವ ಅಂಟಿನ ಟ್ಯೂಬು ತಂದು, ಎಲ್ಲವನ್ನೂ ಒರೆಸಿ ಒಣಗಿಸಿ ಜೋಡಿಸಲು ಕೂತೆ. ಪೀಠಗಳಿಗೆ ಬೇರೆ ಬೇರೆ ಬಣ್ಣ. ಯಾವುದು ಯಾರದು? ಇದಕ್ಕೆಲ್ಲ ಯಾರನ್ನಾದರೂ ಕೇಳಬೇಕೇ? ಸ್ವಂತ ಬುದ್ಧಿ ಯಾತಕ್ಕಿದೆ! ಕಪ್ಪೆ ನೀರಿನ ಪ್ರಾಣಿ, ಅದಕ್ಕೆ ನೀಲಿ. ಮೊಲ ಕ್ಯಾರೆಟ್ ತಿನ್ನುತ್ತದೆ, ಅದಕ್ಕೆ ಕಿತ್ತಳೆ. ಕೊಡೆ ಹಿಡಿದ ಬಾತುಕೋಳಿ ಮರಿಗೆ ಹಳದಿ. ಹನ್ನೆರಡು ಗಂಟೆಯೊಳಗೆ ಇಪ್ಪತ್ಮೂರೂ ಫಳಫಳ! ನನ್ನ ಕಲಾಪ್ರಜ್ಞೆಗೆ ನನಗೇ ಕೈ ಮುಗಿಯೋಣ ಎನಿಸಿತು.

ಊಟ ಮುಗಿಸಿ ಮೂರು ಗಂಟೆಗೆ ಅತ್ತೆ ಅಭ್ಯಾಸಕ್ಕೆ ಕೂತರು. ಕಪ್ಪೆಯನ್ನು ನೋಡಿ ಮುಖ ಅರಳಿತು. "ಅಬ್ಬಾ, ಮದುವೆ ಗಂಡಿನ ಹಾಗೆ ಹೊಳೀತಿದ್ದಾನಲ್ಲೇ!" ಎಂದು ತಟ್ಟೆಯ ಮೇಲೆ ಇಟ್ಟರು.

ಟಿವಿಯಲ್ಲಿ ಹೊಗೆ ಎದ್ದಿತು, ಡೋಲು ಬಡಿಯಿತು. ಹೊಗೆಯೊಳಗಿಂದ ಕೊಡೆ ಹಿಡಿದ ಬಾತುಕೋಳಿ ಮರಿಯೊಂದು "ಕ್ವಾಕ್" ಎಂದು ಹೊರಬಂತು. ಲೆವೆಲ್ ಒಂದು!

"ಇದ್ಯಾವುದೇ ಇದು?"

ಅತ್ತೆ ಕಪ್ಪೆಯನ್ನು ಎತ್ತಿ ಮತ್ತೆ ಇಟ್ಟರು. "ಕ್ವಾಕ್!" ತಿರುಗಿಸಿ ಇಟ್ಟರು. "ಕ್ವಾಕ್!"

ಮಗಳು ಕಪ್ಪೆಯ ಕಾಲ ಕೆಳಗೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಅಮ್ಮಾ... ಏನ್ ಮಾಡಿದೆ?"

"ಏನೂ ಇಲ್ಲ, ತೊಳೆದೆ. ಪೀಠ ಕಿತ್ತು ಬಂದಿದ್ದವು, ಅಂಟಿಸಿದೆ."

"ಅಯ್ಯೋ! ಜೀವ ಇರೋದೇ ಪೀಠದಲ್ಲಿ ಅಮ್ಮಾ! ಅದರೊಳಗೆ ಚಿಪ್ ಇರುತ್ತೆ. ಮೇಲಿರೋದು ಬರೀ ಪ್ಲಾಸ್ಟಿಕ್. ಕಪ್ಪೆರಾಯ ಬೆಂಕಿ ಕಪ್ಪೆ, ಅವನದು ಕಿತ್ತಳೆ ಪೀಠ. ಅಜ್ಜಿ ನಿನಗೆ ಎಷ್ಟು ಸಲ ಹೇಳಿದಾರೆ!"

ಅತ್ತೆ ನನ್ನ ಕಡೆ ತಿರುಗಿದರು. "ದಿನಾ ಬೆಳಿಗ್ಗೆ ಪ್ರವಚನ ಕೇಳಿಕೊಂಡು ಬಂದು, ದೇಹ ಬೇರೆ ಆತ್ಮ ಬೇರೆ ಅತ್ತೆ ಅಂತ ನನಗೆ ಪಾಠ ಹೇಳ್ತೀಯಲ್ಲ. ಆತ್ಮ ಎಲ್ಲಿ ಕೂತಿರುತ್ತೆ ಅಂತ ಒಂದು ಸಲ ವಿಚಾರಿಸಬಾರದಾಗಿತ್ತೇನೇ?"

ನಾನು ನೆಲ ನೋಡಿದೆ. ನೆಲವೂ ಫಳಫಳ ಹೊಳೆಯುತ್ತಿತ್ತು. ಅದನ್ನೂ ಒರೆಸಿದ್ದು ನಾನೇ.

ಕಿತ್ತಳೆ ಪೀಠ ಅಂಟಿಸಿದ್ದ ಮೊಲವನ್ನು ಮಗಳು ತಟ್ಟೆಯ ಮೇಲೆ ಇಟ್ಟಾಗ ಹೊಗೆ ಎದ್ದು, ಸುತ್ತಿಗೆ ಬೀಸುತ್ತಾ ನಮ್ಮ ಕಪ್ಪೆರಾಯ ಹೊರಬಂದ. ಇಪ್ಪತ್ತನೇ ಲೆವೆಲ್! ನನಗೆ ಹೋದ ಜೀವ ಬಂದಂತಾಯಿತು. "ಸರಿಹೋಯ್ತಲ್ಲ ಅತ್ತೆ, ಮೊಲ ಇಟ್ಟುಕೊಂಡೇ ಆಡಿ."

"ಏನಂದೆ? ಆ ಗುಲಾಬಿ ಕಿವಿಯ ಮೊಲ ಹಿಡಿದುಕೊಂಡು ಅವಳ ಮುಂದೆ ಕೂರಲಾ? ಗೆದ್ದರೂ ನಗ್ತಾಳೆ ಅವಳು! ನನ್ನ ಕಪ್ಪೆಗೆ ಅದರ ಪೀಠ ಹಾಕಿಕೊಡು. ಗಂಟೆ ಮೂರೂಕಾಲು."

ಮತ್ತೆ ಬಿಸಿನೀರು ಕಾಯಿಸಿದೆ. ಕಂಪನಿಯವರ ಹಳೆಯ ಅಂಟು ಮರ್ಯಾದಸ್ಥ ಅಂಟಾಗಿತ್ತು, ನೀರು ಕಂಡೊಡನೆ ಬಿಟ್ಟುಕೊಟ್ಟಿತು. ನಾನು ಹಾಕಿದ ಅಂಟು ನನ್ನಷ್ಟೇ ಹಟಮಾರಿ. ಚಾಕು ತುರುಕಿ, ಹಲ್ಲು ಕಚ್ಚಿ, ಅಂತೂ ಕಪ್ಪೆಯನ್ನೂ ಕಿತ್ತಳೆ ಪೀಠವನ್ನೂ ಬಿಡಿಸಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಎಡಗೈ ಮುಷ್ಟಿಯಲ್ಲಿ ಕಪ್ಪೆಯ ಜೊತೆಗೇ ಅಂಟಿನ ಟ್ಯೂಬನ್ನೂ ಹಿಡಿದೆ, ಬಲಗೈಯಲ್ಲಿ ಪೀಠ. ಅಂಟು ಬರಲಿಲ್ಲ. ಇನ್ನಷ್ಟು ಒತ್ತಿದೆ. ಟ್ಯೂಬಿನ ಬಾಯಿ ಕಟ್ಟಿಕೊಂಡಿತ್ತೋ ಏನೋ, ಅದು ಹೊಟ್ಟೆ ಒಡೆದುಕೊಂಡು ಎರಡೂ ಕೈಗೆ ಅಭಿಷೇಕ ಮಾಡಿತು!

ಒಂದು, ಎರಡು, ಮೂರು, ನಾಲ್ಕು, ಐದು. ಡಬ್ಬಿಯ ಮೇಲೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮಗಳು ಖಾಲಿ ಟ್ಯೂಬನ್ನು ಹೇಗೋ ಕಿತ್ತು ತೆಗೆದಳು. ಕಪ್ಪೆ ನನ್ನ ಎಡಗೈ ಬಿಡಲಿಲ್ಲ, ಪೀಠ ಬಲಗೈ ಬಿಡಲಿಲ್ಲ. ಎರಡನ್ನೂ ಒಂದಕ್ಕೊಂದು ಅಂಟಿಸೋಣವೆಂದರೆ ಇದ್ದ ಅಂಟೆಲ್ಲ ನನ್ನ ಅಂಗೈಗಳಲ್ಲೇ ಮುಗಿದಿತ್ತು. ಎಡಗೈಯಲ್ಲಿ ದೇಹ, ಬಲಗೈಯಲ್ಲಿ ಆತ್ಮ, ನಡುವೆ ನಾನು!

ಕನ್ನಡಕದ ಅಂಗಡಿಯಲ್ಲಿದ್ದ ನನ್ನವರಿಗೆ ಮಗಳು ಫೋನು ಹಚ್ಚಿ ನನ್ನ ಕಿವಿಗೆ ಹಿಡಿದಳು.

"ರೀ, ಕೈಗೆ ಕಪ್ಪೆ ಅಂಟಿಕೊಂಡಿದೆ."

"ತೊಳ್ಕೋ."

"ತೊಳೆದಿದ್ದಕ್ಕೇ ಅಂಟಿಕೊಂಡಿದ್ದು!"

ಎಲ್ಲ ವಿವರಿಸಿದ ಮೇಲೆ ಅವರು ಎರಡು ಸಲ ಕೆಮ್ಮಿದರು. ನಗು ನುಂಗಿಕೊಳ್ಳುವ ಸದ್ದು ನನಗೆ ಗೊತ್ತಾಗುತ್ತದೆ, ಹದಿನಾಲ್ಕು ವರ್ಷದ ಸಂಸಾರ. "ನೇಲ್ ಪಾಲಿಶ್ ತೆಗೆಯೋ ನೀರು ಹಚ್ಚು, ಬಿಡುತ್ತೆ."

"ನೀವು ನನಗೆ ನೇಲ್ ಪಾಲಿಶ್ ತಂದುಕೊಟ್ಟಿದ್ದು ಯಾವಾಗ?"

"ಹಾಗಾದರೆ ಸೋಪಿನ ಬಿಸಿನೀರಲ್ಲಿ ಒಂದು ಗಂಟೆ ಕೈ ಅದ್ದಿಕೊಂಡು ಕೂತಿರು. ಎಳೀಬೇಡ, ಚರ್ಮ ಬರುತ್ತೆ!"

ಗೇಟು ಕಿರ್ ಎಂದಿತು. ಚಿಕ್ಕತ್ತೆ ಯಾವತ್ತೂ ಐದು ನಿಮಿಷ ಮೊದಲೇ ಬರುವವರು.

ಅವರು ಕನ್ನಡಕದ ಡಬ್ಬಿ ತೆಗೆದು, ಹತ್ತಿಯಲ್ಲಿ ಸುತ್ತಿದ ಹದ್ದನ್ನು ತಟ್ಟೆಯ ಮೇಲಿಟ್ಟರು. "ಏನಕ್ಕಾ, ಎಂಟನೇ ಸೋಲಿಗೆ ತಯಾರಿದ್ದೀಯಾ? ಎಲ್ಲಿ ನಿನ್ನ ಕಪ್ಪೆ?"

ಅತ್ತೆ ನನ್ನ ಕಡೆ ಬೆರಳು ತೋರಿಸಿದರು. ನಾನು ಟಿವಿಯ ಮುಂದೆ ಮಂಡಿಯೂರಿ, ಬಲಗೈಯನ್ನು ತಟ್ಟೆಯ ಮೇಲೆ ಊರಿದೆ. ಹೊಗೆ, ಡೋಲು, ಕಪ್ಪೆರಾಯ!

ಚಿಕ್ಕತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸೊಸೆಯನ್ನೂ ತಟ್ಟೆ ಮೇಲೆ ಇಡಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಇವಳದು ಎಷ್ಟನೇ ಲೆವೆಲ್ ಅಕ್ಕಾ?"

"ಆಟ ಆಡು, ಮಾತು ಬೇಡ. ನಿಯಮ ನೆನಪಿದೆ ತಾನೇ? ಪಂದ್ಯದ ನಡುವೆ ತಟ್ಟೆ ಬಿಟ್ಟು ಎದ್ದ ಬೊಂಬೆ ಸೋತ ಹಾಗೆ."

ಈ ನಿಯಮ ಅತ್ತೆಯೇ ಮಾಡಿದ್ದು. ಒಮ್ಮೆ ಇನ್ನೇನು ಸೋಲುತ್ತೇನೆ ಎನ್ನುವಾಗ ಚಿಕ್ಕತ್ತೆ "ಅಯ್ಯೋ, ಧೂಳಿದೆ" ಎಂದು ಹದ್ದನ್ನು ಎತ್ತಿ ಒರೆಸಿ ಪಂದ್ಯ ಕೆಡಿಸಿ, ಮೊದಲಿಂದ ಆಡಿಸಿ ಗೆದ್ದಿದ್ದರಂತೆ. ಅಂದಿನಿಂದ ಜಾರಿಗೆ ಬಂದ ಕಾನೂನು.

"ಅಮ್ಮಾ, ಕೈ ಅಲ್ಲಾಡಿಸಬೇಡ," ಎಂದಳು ಮಗಳು.

"ಇಲ್ಲ ಪುಟ್ಟಾ."

ಯುದ್ಧ ಶುರುವಾಯಿತು. ಹದ್ದು ಮೇಲಿಂದ ಬೆಂಕಿಯುಂಡೆ ಉದುರಿಸುತ್ತದೆ, ಕಪ್ಪೆ ನೆಗೆದು ಸುತ್ತಿಗೆ ಬೀಸುತ್ತದೆ. ಅಕ್ಕತಂಗಿಯರಿಬ್ಬರೂ ರಿಮೋಟು ಕುಟ್ಟುವ ರಭಸಕ್ಕೆ ಸೋಫಾ ಗಡಗಡ. ನನ್ನ ಮೂಗಿನ ಮೇಲೆ ನೊಣ ಕೂತಿತು, ಓಡಿಸಲಿಲ್ಲ. ಕಾಲು ಜೋಮು ಹಿಡಿಯಿತು, ಕದಲಲಿಲ್ಲ. ಎಡಗೈಯ ಕಪ್ಪೆ ತನ್ನದೇ ಯುದ್ಧವನ್ನು ಕಣ್ಣು ಬಿಟ್ಟು ನೋಡುತ್ತಿತ್ತು. ನಾನು ಮನುಷ್ಯಳೇ ಅಲ್ಲ, ಪೀಠ!

ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹದ್ದಿನ ಆಯುಷ್ಯದ ಗೆರೆ ಕೂದಲೆಳೆಯಷ್ಟಾಯಿತು. ಕಪ್ಪೆಯದೂ ಹೆಚ್ಚುಕಡಿಮೆ ಅಷ್ಟೇ. ಇನ್ನು ಒಂದೇ ಏಟು, ಯಾರು ಮೊದಲು ಕೊಟ್ಟರೆ ಅವರದು. ಅತ್ತೆಯ ಮುಖ ನೋಡಿದೆ. ಹಣೆಯಲ್ಲಿ ಬೆವರು, ಕಣ್ಣಲ್ಲಿ ಏಳು ವರ್ಷದ ಹುಡುಗಿಯ ಆಸೆ. ಚಿಕ್ಕತ್ತೆಯ ಮುಖ ಆಗಲೇ ಸಣ್ಣದಾಗತೊಡಗಿತ್ತು! ಕಪ್ಪೆರಾಯ ಆಕಾಶಕ್ಕೆ ನೆಗೆದ. ಹದ್ದಿನ ನೆತ್ತಿಯ ಮೇಲೆ ಸುತ್ತಿಗೆ ಎತ್ತಿದ.

ನನ್ನ ಎದೆ ತುಂಬಿ ಬಂತು. ದೇವರೇ, ಈ ಒಂದು ಸಲ ನಮ್ಮತ್ತೆಯನ್ನು ಗೆಲ್ಲಿಸಪ್ಪಾ ಎಂದು ಕಣ್ಣು ಮುಚ್ಚಿ, ಭಕ್ತಿಯಿಂದ ಎರಡೂ ಕೈ ಎತ್ತಿ ಮುಗಿದೆ.

ಟಕ್ ಎಂದು ಸದ್ದಾಯಿತು. ಕಣ್ಣು ಬಿಟ್ಟರೆ ಕಪ್ಪೆ ತನ್ನ ಪೀಠದ ಮೇಲೆ ನೆಟ್ಟಗೆ ನಿಂತಿತ್ತು. ಬೆಳಗಿನಿಂದ ಅಗಲಿದ್ದ ದೇಹ ಆತ್ಮಗಳು ಕೊನೆಗೂ ಒಂದಾಗಿದ್ದವು. ಆದರೆ ತಟ್ಟೆಯ ಮೇಲಲ್ಲ, ನನ್ನ ಎದೆಯ ಮುಂದೆ!

ಟಿವಿಯಲ್ಲಿ ಹದ್ದು ಒಂಟಿಯಾಗಿ ಅತ್ತಿತ್ತ ನೋಡುತ್ತಿತ್ತು.

"ಎದ್ದಿತು! ಬೊಂಬೆ ತಟ್ಟೆ ಬಿಟ್ಟು ಎದ್ದಿತು! ನಿನ್ನದೇ ನಿಯಮ ಅಕ್ಕಾ!" ಚಿಕ್ಕತ್ತೆ ಆಗಲೇ ಫೋನು ಕೈಗೆತ್ತಿಕೊಂಡಿದ್ದರು. ಮೊದಲ ಕರೆ ಬಾಗಿಲು ದಾಟುವ ಮುನ್ನವೇ ಹೋಯಿತು, ಎರಡನೆಯದು ಗೇಟಿನ ಹತ್ತಿರ.

ಮಗಳು ಸೋಪಿನ ಬಿಸಿನೀರಿನ ಬೋಗುಣಿ ತಂದಿಟ್ಟಳು. ನಾನು ಕೈ ಅದ್ದಿಕೊಂಡು ತಲೆ ತಗ್ಗಿಸಿ ಕೂತೆ. ಅತ್ತೆ ನಿಧಾನವಾಗಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಬೈಯಲಿ, ನಾಲ್ಕು ಬೈದುಬಿಡಲಿ ಎಂದು ಕಾದೆ. ಅವರು ಬೈಯಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಗಿದ್ದು.

"ದೇವರ ಹತ್ತಿರ ಏನಂತ ಕೇಳಿಕೊಂಡೆ?"

"ನೀವು ಗೆಲ್ಲಲಿ ಅಂತ ಅತ್ತೆ. ಮನಸ್ಸಿಟ್ಟು ಕೇಳಿಕೊಂಡೆ."

"ಗೊತ್ತು. ನಿನ್ನ ಭಕ್ತಿಯಲ್ಲಿ ಕಲಬೆರಕೆ ಇಲ್ಲ." ನೀರಿನೊಳಗಿದ್ದ ನನ್ನ ಕೈಗಳನ್ನು ಮೆಲ್ಲಗೆ ಉಜ್ಜಿದರು. ನನ್ನ ಕಣ್ಣು ತುಂಬಿತು. ಹದಿನಾಲ್ಕು ವರ್ಷದಲ್ಲಿ ಇಂಥ ಮಾತು ಅವರ ಬಾಯಿಂದ ಬಂದದ್ದು ಇದೇ ಮೊದಲು.

"ಮುಂದಿನ ತಿಂಗಳೂ ಪ್ರಾರ್ಥನೆ ಮಾಡು ಮಗಳೇ, ಬಿಡಬೇಡ," ಎಂದರು ಅತ್ತೆ. "ಆದರೆ ಅವಳು ಗೆಲ್ಲಲಿ ಅಂತ ಮಾಡು!"