ಅಗ್ಗಕ್ಕೆ ಸಿಕ್ಕ ಕುರ್ಚಿ

ಕನ್ನಡಕದ ಅಂಗಡಿ ಇಟ್ಟಿದ್ದ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಏನೋ ಇತ್ತು. ಬೀದಿಯವರು ಮಾತ್ರ ಅಗ್ಗಪ್ಪ ಎಂದೇ ಕರೆಯುತ್ತಿದ್ದರು. ಆತ ಅದನ್ನು ಬಿರುದೆಂದೇ ಭಾವಿಸಿದ್ದ. ಪೇಸ್ಟು ಮುಗಿದಾಗ ಟ್ಯೂಬು ಕತ್ತರಿಸಿ ಒಳಗಿನದನ್ನು ಬಳಿದುಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅಗ್ಗಪ್ಪ ಪಕ್ಕದ ಮನೆಯವರು ಬಿಸಾಡಿದ ಟ್ಯೂಬನ್ನೂ ಕತ್ತರಿಸುತ್ತಿದ್ದ. ಇಷ್ಟೆಲ್ಲ ಜಿಪುಣತನದ ಹಿಂದೆ ಒಂದು ಘನೋದ್ದೇಶವಿತ್ತೆನ್ನಿ. ಬಾಡಿಗೆಯ ಅರ್ಧ ಅಂಗಡಿಯಲ್ಲಿ ಕೂತು (ಇನ್ನರ್ಧದಲ್ಲಿ ಬೀಗ ರಿಪೇರಿಯವನು ದಿನವಿಡೀ ಕಬ್ಬಿಣ ಉಜ್ಜುತ್ತಿದ್ದ) ಸಾಕಾಗಿ, ಸ್ವಂತದ್ದೊಂದು ಅಂಗಡಿ ಕೊಳ್ಳಲು ಆತ ಗಂಟು ಕಟ್ಟುತ್ತಿದ್ದ. ಆ ಗಂಟು ಕೊನೆಗೂ ಮುಂಗಡ ಕೊಡುವಷ್ಟು ದಪ್ಪವಾಗಿತ್ತು.

ಅಷ್ಟರಲ್ಲಿ ಕನ್ನಡಕದ ಕಡ್ಡಿ ಕೂಡಿಸಿಕೊಳ್ಳಲು ಬಂದ ಒಬ್ಬ ಅಜ್ಜಿ, ತೀರಿಹೋದ ಗಂಡನ ಆರಾಮಕುರ್ಚಿ ಮಾರುವುದಿದೆ ಎಂದಳು. ಗಟ್ಟಿ ಮರ, ಚರ್ಮದ ಮೆತ್ತೆ. ಬೆಲೆ ಕೇಳಿ ಅಗ್ಗಪ್ಪನಿಗೆ ತನ್ನ ಕಿವಿಯ ಮೇಲೇ ಸಂಶಯ ಬಂತು. ಆದರೂ ಅಭ್ಯಾಸಬಲದಿಂದ ಅರ್ಧಕ್ಕೆ ಕೇಳಿದ. ಅಜ್ಜಿ ಮರುಮಾತಿಲ್ಲದೆ ಒಪ್ಪಿದಳು. ಮನೆಗೆ ಹೋದರೆ ಕುರ್ಚಿಯನ್ನು ಆಗಲೇ ಬಾಗಿಲ ಹೊರಗೆ ಇಟ್ಟಿದ್ದಳು.

ಗಾಡಿ ಬಾಡಿಗೆ ಉಳಿಯಲೆಂದು ಅಗ್ಗಪ್ಪ ಅದನ್ನು ತಲೆಯ ಮೇಲೆ ಹೊತ್ತ. ಮುಸ್ಸಂಜೆ, ಬೀದಿದೀಪ ಇನ್ನೂ ಹತ್ತಿರಲಿಲ್ಲ. ತಿರುವಿನವರೆಗೆ ಹಗುರವಾಗಿದ್ದ ಕುರ್ಚಿ, ಅಲ್ಲಿಂದಾಚೆ ಯಾರೋ ಹತ್ತಿ ಕೂತಂತೆ ಭಾರವಾಯಿತು. ಮೂಲೆಯ ನಾಯಿ ಬೊಗಳಿತು. ಅದು ನೋಡುತ್ತಿದ್ದದ್ದು ಅಗ್ಗಪ್ಪನ ಮುಖವನ್ನಲ್ಲ, ತಲೆ ಮೇಲಿನ ಕುರ್ಚಿಗಿಂತಲೂ ಮೊಳದಷ್ಟು ಮೇಲಕ್ಕೆ. ಬೊಗಳುತ್ತಲೇ ಹಿಂದೆ ಸರಿದು ಚರಂಡಿಗೆ ಬಿತ್ತು.

"ಯಾರು ಸತ್ತವರದ್ದು ಇದು?" ಹೆಂಡತಿ ಬಾಗಿಲಲ್ಲೇ ತಡೆದಳು.

"ಯಾರದ್ದಾದ್ರೇನು? ಮರಕ್ಕೇನು ಗೊತ್ತು?"

"ಮುಟ್ಟಿದ್ರೆ ಐಸ್ ಮುಟ್ಟಿದ ಹಾಗಿದೆಯಲ್ರೀ!"

"ಒಳ್ಳೇದೇ ಆಯ್ತು. ಫ್ಯಾನಿನ ಕರೆಂಟು ಉಳೀತು."

ಹೀಗೆಂದು ಅಗ್ಗಪ್ಪ ಸಿಂಹಾಸನಾರೂಢನಾದ. ಮೆತ್ತೆಯ ತಂಪು ಬೆನ್ನುಮೂಳೆ ಹಿಡಿದು ಮೇಲೇರಿ, ಕತ್ತಿನ ಹಿಂದೆ ಯಾರೋ ಅಂಗೈ ಇಟ್ಟಂತೆ ನಿಂತಿತು. ಹೆಂಡತಿ ಎಂದಿನಂತೆ, ಉತ್ತರ ಗೊತ್ತಿದ್ದೂ ಕೇಳಿದಳು, "ಕೊಡೆ ಹರಿದಿದೆ. ಇನ್ನೊಂದು ಸಲ ಹೊಲೀಲಾ?"

"ಹೊಲಿಯೋದ್ಯಾಕೆ ಕಣೇ? ಹೊಸದು ತಗೋ. ನಿನಗಿಷ್ಟವಾದ ಬಣ್ಣದ್ದು ತಗೋ."

ಬಾಯಿ ಅಗ್ಗಪ್ಪನದೇ. ದನಿ ಅವನದಾಗಿರಲಿಲ್ಲ. ಬಹಳ ಕಾಲ ಮುಚ್ಚಿಟ್ಟ ಕೋಣೆಯಿಂದ ಬಂದಂತಿದ್ದ, ಒಣಗಿದ ಮುದಿ ದನಿ ಅದು. ಹೆಂಡತಿ ಅಡುಗೆಮನೆಗೆ ಓಡಿ ಸೌಟು ಹಿಡಿದು ನಿಂತಳು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಯಾರೂ ಅವಳಿಗೆ ಇಷ್ಟವಾದ ಬಣ್ಣದ ಪ್ರಸ್ತಾಪ ಮಾಡಿರಲಿಲ್ಲ.

ಭಯ ಬಹಳ ದಿನ ಉಳಿಯಲಿಲ್ಲ. ಕೊಡೆ ಚೆನ್ನಾಗಿತ್ತು.

ಎದ್ದು ನಿಂತರೆ ಅಗ್ಗಪ್ಪ ಮತ್ತೆ ಅಗ್ಗಪ್ಪನೇ. ಕೂತಾಗ ಅವನ ಕೈ ಹೆಂಡತಿಗೆ ಕೊಟ್ಟ ಹಣ ಮಾತ್ರ ಹಿಂದೆ ಬರುತ್ತಿರಲಿಲ್ಲ. ಹಾಗಾದರೆ ಕೂರದಿದ್ದರಾಯಿತು ಎನ್ನುತ್ತೀರಿ. ದುಡ್ಡು ಕೊಟ್ಟು ತಂದ ವಸ್ತುವನ್ನು ಬಳಸದೆ ಬಿಡುವುದು ಅವನ ಜಾಯಮಾನದಲ್ಲೇ ಇರಲಿಲ್ಲವಲ್ಲ! ಸಂಜೆ ಮನೆಗೆ ಬಂದವನು ಕುರ್ಚಿಯನ್ನು ನೋಡುತ್ತ ನಿಲ್ಲುತ್ತಿದ್ದ, ಕೊಟ್ಟ ಹಣ ನೆನಪಾಗುತ್ತಿತ್ತು, ಕೂರುತ್ತಿದ್ದ. "ರೀ, ದಣಿದಿದ್ದೀರಿ, ಒರಗಿಕೊಳ್ಳಿ" ಎಂದು ಹೆಂಡತಿಯೂ ಎಂದೂ ಇಲ್ಲದ ಉಪಚಾರ ಮಾಡುತ್ತಿದ್ದಳು. ಹಾಸಿಗೆ ಬಂತು, ಒಲೆ ಬಂತು, ಅಡುಗೆಮನೆಗೆ ಬಣ್ಣ ಬಂತು. ಒಂದು ದಿನ ಅಗ್ಗಪ್ಪ ಎರಡೂ ಕೈಯಿಂದ ಬಾಯಿ ಅದುಮಿ ಹಿಡಿದ. ದನಿ ಬೆರಳ ಸಂದಿಯಿಂದ ನುಸುಳಿ, ಪರದೆಗಳಿಗೆ ಅಳತೆ ಕೊಟ್ಟಿತು.

ಮತ್ತೊಂದು ಸಂಜೆ ಹೆಂಡತಿ ಎರಡು ಲೋಟ ಚಹಾ ತಂದು, ಒಂದನ್ನು ಕುರ್ಚಿಯ ಕೈಯ ಮೇಲಿಟ್ಟಳು.

"ಇದು ಯಾರಿಗೆ?"

"ಕೇಳಿದ್ದೆಲ್ಲ ಕೊಡಿಸ್ತಾರೆ, ಒಂದು ಲೋಟ ಚಹಾ ಕೊಡಬಾರದಾ? ನೀವು ನಿಮ್ಮದು ಕುಡೀರಿ."

ಅಗ್ಗಪ್ಪ ತನ್ನದನ್ನು ಕುಡಿದ. ಆಮೇಲೆ ನೋಡಿದರೆ ಎರಡೂ ಲೋಟ ಖಾಲಿಯಾಗಿದ್ದವು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಸಕ್ಕರೆಯ ಖರ್ಚು ಕೂಡ ಆಮೇಲೇ ನೆನಪಾಯಿತೆಂದರೆ ಎಷ್ಟು ಹೆದರಿದ್ದನೆಂದು ಊಹಿಸಿಕೊಳ್ಳಿ.

ಗಂಟು ಕರಗಿ, ಮುಂಗಡಕ್ಕೆ ಸರಿಯಾಗಿ ಸಾಲುವಷ್ಟು ಮಾತ್ರ ಉಳಿದಿತ್ತು. ಇನ್ನು ಒಂದು ಪರದೆ ಬಂದರೂ ಅಂಗಡಿ ಹೋದಂತೆಯೇ. ಅಗ್ಗಪ್ಪ ಆ ಹಣವಷ್ಟನ್ನೂ ಜೇಬಿಗೆ ತುರುಕಿ, ಕುರ್ಚಿಯನ್ನು ತಲೆಗೇರಿಸಿ ಹೊರಟ. ಕುರ್ಚಿ ಹಿಂತಿರುಗಿಸಿ, ಹಾಗೆಯೇ ಮುಂದೆ ಹೋಗಿ ಅಂಗಡಿಯ ಮಾಲೀಕನಿಗೆ ಮುಂಗಡ ಕೊಟ್ಟುಬಿಡುವುದು ಅವನ ಉಪಾಯ.

ಅಜ್ಜಿ ಬಾಗಿಲು ತೆರೆದಳು. ಕಾಲಲ್ಲಿ ದಾರ ಕಟ್ಟಿದ ಚಪ್ಪಲಿ. ಹಿಂದಿನ ಕಿಟಕಿಗೆ ಗಾಜಿನ ಬದಲು ರಟ್ಟು.

"ನಿಮ್ಮ ಯಜಮಾನರು ಇಂಥ ಧಾರಾಳಿ ಅಂತ ಮೊದಲೇ ಹೇಳಬಾರದಿತ್ತಾ ಅಜ್ಜೀ?" ಅಗ್ಗಪ್ಪ ಏದುಸಿರು ಬಿಡುತ್ತ ಕುರ್ಚಿ ಇಳಿಸಿದ.

"ಧಾರಾಳೀನಾ? ಅವರಾ?" ಅಜ್ಜಿ ನಕ್ಕಳು. "ಮೆತ್ತೆ ಸವೆಯುತ್ತೆ ಅಂತ ಈ ಕುರ್ಚಿ ಮೇಲೆ ಒಂದು ದಿನಾನೂ ಕೂತವರಲ್ಲಪ್ಪ. ಪಕ್ಕದಲ್ಲಿ ನೆಲದ ಮೇಲೆ ಕೂತು ಇದನ್ನ ನೋಡ್ತಿದ್ರು. ಸಾಯೋ ಮುಂಚೆ ಮಾತ್ರ ನನ್ನ ಕೈ ಹಿಡ್ಕೊಂಡು ಒಂದೇ ಮಾತು. ಕೂರಬೇಕಿತ್ತು ಕಣೇ, ಖರ್ಚು ಮಾಡಬೇಕಿತ್ತು ಕಣೇ, ಅಂತ."

ಅಗ್ಗಪ್ಪನ ಮೈ ಜುಮ್ಮೆಂದಿತು. ಬದುಕಿದ್ದಾಗ ಬಿಡಿಗಾಸು ಬಿಚ್ಚದ ಪುಣ್ಯಾತ್ಮ ಸತ್ತ ಮೇಲೆ ದಾನಶೂರನಾಗಿದ್ದ, ಅದೂ ಇನ್ನೊಬ್ಬರ ದುಡ್ಡಿನಲ್ಲಿ. ಇಂಥ ಲಾಭದ ದಾರಿ ತನಗೇ ಹೊಳೆದಿರಲಿಲ್ಲವಲ್ಲ ಎಂದು ಆ ಭಯದಲ್ಲೂ ಅವನಿಗೆ ಹೊಟ್ಟೆಕಿಚ್ಚಾಯಿತು. ಹಿಂದೆ ಸರಿದವನು ಎಡವಿ ಕೂತುಬಿಟ್ಟ. ಎಲ್ಲಿ ಕೂತೆನೆಂದು ತಿಳಿಯುವಷ್ಟರಲ್ಲಿ ಕತ್ತಿನ ಹಿಂದೆ ತಣ್ಣನೆಯ ಅಂಗೈ ಬಂದಾಗಿತ್ತು.

"ಆ ಚಪ್ಪಲಿ ಬಿಸಾಕು ಕಣೇ," ಎಂದಿತು ಬಾಯಿ. "ಹೊಸದು ತಗೋ. ಕಿಟಕಿಗೆ ಗಾಜು ಹಾಕಿಸು. ತಗೋ, ಅಷ್ಟೂ ಇಟ್ಕೋ."

ಕೈ ಜೇಬಿಗಿಳಿಯಿತು. ಅಂಗಡಿ, ನನ್ನ ಅಂಗಡಿ ಎಂದು ಅಗ್ಗಪ್ಪ ಒಳಗೊಳಗೇ ಚೀರಿದ. ಕೈಗೆ ಕೇಳಿಸಲಿಲ್ಲ. ಹಣವೆಲ್ಲ ಅಜ್ಜಿಯ ಅಂಗೈ ಸೇರಿತು.

ಅಜ್ಜಿ ಬೆಚ್ಚಲಿಲ್ಲ. ಅಗ್ಗಪ್ಪನ ಭುಜದ ಮೇಲಿಂದ ಆಚೆ ಎಲ್ಲೋ ನೋಡಿದಳು, ಕಣ್ಣಲ್ಲಿ ನೀರಾಡಿತು. "ಈಗ ಬಂತಾ ನಿಮಗೆ ಬುದ್ಧಿ?" ಎಂದಳು.

ಅಗ್ಗಪ್ಪ ಧಡಕ್ಕನೆ ಎದ್ದ. "ಅಜ್ಜೀ, ಅದು ನನ್ನ ದುಡ್ಡು!"

"ಕೊಟ್ಟಿದ್ದು ನನ್ನ ಗಂಡ. ಇಷ್ಟು ವರ್ಷಕ್ಕೆ ಮೊದಲ ಸಲ ಕೊಟ್ಟಿದ್ದಾರೆ. ಹೇಗಪ್ಪಾ ಬಿಟ್ಟುಕೊಡ್ಲಿ?"

"ಹೋಗಲಿ, ಕುರ್ಚಿನಾದ್ರೂ ವಾಪಸ್ ಇಟ್ಕೊಳ್ಳಿ. ಕೈಮುಗೀತೀನಿ."

"ಬೇಡಪ್ಪ," ಎಂದು ಅಜ್ಜಿ ಮೆಲ್ಲಗೆ ಬಾಗಿಲು ಮುಚ್ಚತೊಡಗಿದಳು. "ನಿಮ್ಮ ಮನೇಲೇ ಇರಲಿ. ಅಲ್ಲಿ ಸುಧಾರಿಸ್ತಾ ಇದ್ದಾರೆ."