ಜಪಾನಿನ ಹಕ್ಕಿ, ಹಾನಗಲ್ಲಿನ ನಮದಾ

ನನ್ನ ಕೈಗೆಲಸಕ್ಕೂ ನಗೆಪಾಟಲಿಗೂ ಏನು ನಂಟೋ, ಒಂದನ್ನು ಹಿಡಿದರೆ ಇನ್ನೊಂದು ಹಿಂದೆಯೇ ಬರುತ್ತಿತ್ತು. ಹಾನಗಲ್ಲಿಗೆ ಸೊಸೆಯಾಗಿ ಬಂದಾಗ ತವರಿನಿಂದ ನಾನು ತಂದದ್ದು ನಮದಾ ಮಾಡುವ ವಿದ್ಯೆ. ಅದಕ್ಕೆ ಮಗ್ಗ ಬೇಡ. ಹಿಂಜಿದ ಕುರಿ ಉಣ್ಣೆಯನ್ನು ಚಾಪೆಯ ಮೇಲೆ ಹರಡಿ, ಬಿಸಿ ಸಾಬೂನು ನೀರು ಚಿಮುಕಿಸಿ, ಸುರುಳಿ ಸುತ್ತಿ ತುಳಿಯುತ್ತ ಹೋದರೆ ಉಣ್ಣೆ ತಾನೇ ಹೆಣೆದುಕೊಂಡು ದಪ್ಪ ಹಾಸಾಗುತ್ತದೆ. ಅದರ ಮೇಲೆ ಹಳೆಯ ಜಪಾನ್ ರೇಷ್ಮೆಯ ಹೂಬಳ್ಳಿ ಕತ್ತರಿಸಿ ಹೊಲಿಯುವುದು ಮಾತ್ರ ನನ್ನದೇ ಹುಚ್ಚು. ಯುದ್ಧಕ್ಕೆ ಮುಂಚೆ ಆ ಬಟ್ಟೆ ಪೇಟೆ ತುಂಬ ಸಿಗುತ್ತಿತ್ತಂತೆ. ಐವತ್ತರ ದಶಕದ ಹೊತ್ತಿಗೆ ಅದು ಮುದುಕಿಯರ ಟ್ರಂಕಿನಲ್ಲಷ್ಟೇ ಉಳಿದಿತ್ತು.

ನನಗಿದ್ದ ಆಸೆ ಒಂದೇ. ನಾನು ಮಾಡಿದ ಒಂದು ನಮದಾ ನಮ್ಮ ಪಡಸಾಲೆಯ ಗೋಡೆ ಏರಬೇಕು, ಬಂದವರು ಕಣ್ತುಂಬ ನೋಡಬೇಕು. ಅತ್ತೆ ಒಪ್ಪುತ್ತಿರಲಿಲ್ಲ. “ಕುಂದ್ರೂದನ್ನ ಗ್ವಾಡೀಗೆ ಯಾರ ಹಾಕ್ತಾರ?” ಎನ್ನುತ್ತಿದ್ದರು. ಅವರು ಹೊಗಳುತ್ತಿದ್ದದ್ದು ನನ್ನ ಸಾರನ್ನು ಮಾತ್ರ. ಇಂಥ ಸಾರು ಊರಲ್ಲಿ ಯಾರಿಗೂ ಬರುವುದಿಲ್ಲವೆಂದು ಬೀಗರೆದುರು ಹೇಳಿದಾಗಲೆಲ್ಲ ನಾನು ಉಬ್ಬಿಹೋಗುತ್ತಿದ್ದೆ.

ಗುಲಾಬಿ ಎತ್ತು

ಹಿರೇಕೆರೂರ ಕಡೆಯ ರೈತರೊಬ್ಬರು ಕಾರಹುಣ್ಣಿಮೆಗೆಂದು ತಮ್ಮ ಬಿಳಿ ಎತ್ತುಗಳ ಬೆನ್ನಿಗೆ ಹೊದಿಸಲು ನಮದಾದ ಝೂಲು ಮಾಡಿಕೊಡಲು ಹೇಳಿದರು. ನನ್ನಲ್ಲಿದ್ದ ಕೆಂಪು ರೇಷ್ಮೆ ಒಂದು ಎತ್ತಿಗಷ್ಟೇ ಸಾಕಾಯಿತು. ಮೆರವಣಿಗೆಯ ನಡುವೆ ಮಳೆ ಹೊಡೆಯಿತು. ರೇಷ್ಮೆಯ ಬಣ್ಣ ಉಣ್ಣೆಗಿಳಿದು, ಉಣ್ಣೆಯದು ಎತ್ತಿಗಿಳಿದು, ಎತ್ತು ಹೊಟ್ಟೆಯವರೆಗೆ ಗುಲಾಬಿಯಾಯಿತು.

ಆ ರೈತರು ನಮ್ಮ ಮನೆಗೆ ಬಂದಾಗ ನಾನು ಬಾಗಿಲ ಹಿಂದೆ ಸೇರಿಕೊಂಡೆ. ಅವರು ಜಗಳಕ್ಕೆ ಬಂದಿರಲಿಲ್ಲ. “ಒಂದು ಗುಲಾಬಿ, ಒಂದು ಬಿಳಿ ಆದ್ರ ಜೋಡಿ ಹ್ಯಾಂಗ ಆಕ್ಕತಿ? ಇನ್ನೊಂದಕ್ಕೂ ಅಂಥಾದ್ದ ಮಾಡಿಕೊಡ್ರಿ,” ಎಂದರು.

ಊರೂರು ಹುಡುಕಿ, ಈ ಸಲ ಪಕ್ಕಾ ಬಣ್ಣದ ರೇಷ್ಮೆ ತಂದು ಮೈಮುರಿದು ಹೊಲಿದೆ. ಎಷ್ಟು ನೀರು ಸುರಿದರೂ ಅದು ಬಣ್ಣ ಬಿಡಲಿಲ್ಲ. ನನ್ನ ಕೆಲಸ ಮೊದಲಿನಂತಿಲ್ಲ ಎಂದು ಹಿರೇಕೆರೂರ ತುಂಬ ಹೆಸರು ಕೆಟ್ಟಿತು.

ಸವಣೂರಿನ ಷರತ್ತು

ಸವಣೂರಿನ ಹಳೆಯ ಮನೆತನದ ಅಜ್ಜಿಯೊಬ್ಬರ ಟ್ರಂಕಿನಲ್ಲಿ ಜಪಾನ್ ರೇಷ್ಮೆ ಇದೆಯೆಂದು ಕೇಳಿ ಕತ್ತರಿ ಸಮೇತ ಬಸ್ಸು ಹತ್ತಿದೆ. ಅಜ್ಜಿ ಕೊಡಲು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಹೂವಿಗೆ ಬೇಕಾದರೆ ಕತ್ತರಿ ಹಾಕು, ಹಕ್ಕಿಗೆ ಹಾಕಕೂಡದು, ಅದು ಜೀವ ಇದ್ದದ್ದು ಎಂದರು. ನಾನು ಆಣೆ ಇಟ್ಟು ಒಪ್ಪಿಕೊಂಡೆ. ಆಮೇಲೆ ಬಟ್ಟೆ ಬಿಚ್ಚಿದರು. ತಿಳಿನೀಲಿಯ ತುಂಬ ಒಂದರ ರೆಕ್ಕೆಗೊಂದು ತಾಗಿ ಹಾರುವ ಬಿಳಿ ಕೊಕ್ಕರೆಗಳು. ಹುಡುಕಿದರೂ ಒಂದು ಹೂವಿಲ್ಲ.

ಅಂದು ನನ್ನ ಕತ್ತರಿ ಕತ್ತರಿಸಿದ್ದು ಅಜ್ಜಿ ಕೊಟ್ಟ ವೀಳ್ಯದೆಲೆಯ ತೊಟ್ಟನ್ನು ಮಾತ್ರ.

ಕೊಕ್ಕರೆಗಳ ಗದ್ದಿಗೆ

ಆ ರೇಷ್ಮೆಯನ್ನು ಇಡಿಯಾಗಿ ಒಂದು ದೊಡ್ಡ ನಮದಾಕ್ಕೆ ಹೊಲಿದೆ. ಗೋಡೆಗೆ ಹಾಕಬೇಕೆಂದರೆ ಇದನ್ನೇ ಎಂದು ಜೀವ ತೇಯ್ದು ಮಾಡಿದ ಕೆಲಸ ಅದು.

ಅಷ್ಟರಲ್ಲಿ ಅತ್ತೆಗೂ ನೆರೆಮನೆಯಾಕೆಗೂ ನಮ್ಮ ಹಿತ್ತಲಿನಿಂದ ಬೇಲಿ ದಾಟಿದ ಹೀರೇಬಳ್ಳಿಯ ವ್ಯಾಜ್ಯ ಬಂತು. ಕಾಯಿ ಹರಿದದ್ದು ನೆರೆಯಾಕೆ ಎಂದು ಅತ್ತೆ, ಅಲ್ಲವೇ ಅಲ್ಲ ಎಂದು ಆಕೆ. ನ್ಯಾಯ ಹೇಳಲು ಓಣಿಯ ಹಿರಿಯರೊಬ್ಬರು ಬಂದರು. ನಮ್ಮಲ್ಲಿ ನ್ಯಾಯಕ್ಕೆ ಕಂಬಳಿ ಹಾಸಿ ಗದ್ದಿಗೆ ಮಾಡುತ್ತಾರೆ. ಅದರ ಮೇಲೆ ಕೂತವರಾಗಲಿ, ಕೈ ಇಟ್ಟವರಾಗಲಿ ಸುಳ್ಳು ಆಡುವಂತಿಲ್ಲ. ಮನೆಯ ಕಂಬಳಿ ಅಂದು ಒಗೆದು ಒದ್ದೆಯಾಗಿತ್ತು. ಇದೂ ಕುರಿಯ ಉಣ್ಣೆಯೇ ಅಲ್ಲವೇ ಎಂದು ಅತ್ತೆ ನನ್ನ ಕೊಕ್ಕರೆಗಳನ್ನು ತಂದು ನೆಲಕ್ಕೆ ಹಾಸಿಬಿಟ್ಟರು.

ನೆರೆಯಾಕೆ ಅದರ ಮೇಲೆ ಕೂತವಳೇ ಕಾಯಿ ತಾನೇ ಹರಿದದ್ದೆಂದು ಒಪ್ಪಿದಳು. ಅತ್ತೆ ಗೆದ್ದೆನೆಂದು ತಾವೂ ಕೂತರು. ಕೂತ ಮೇಲೆ, ಆ ಬಳ್ಳಿಯ ಬೀಜ ಮಾತ್ರ ಈಕೆಯ ಹಿತ್ತಲಿನಿಂದ ಕೇಳದೆ ತಂದದ್ದೆಂದು ಅವರ ಬಾಯಿಂದಲೂ ಬಂತು. ಇಬ್ಬರದೂ ಸಮವಾಯಿತು. ಹಿರಿಯರು ಗದ್ದಿಗೆಯ ಮೇಲೆ ಖುಷಿಯಿಂದ ಚಹಾದ ದಾರಿ ಕಾಯುತ್ತ ಕೂತರು.

ಜೊತೆಗೆ ಬಂದಿದ್ದ ಅವರ ಹೆಂಡತಿ ಮೆಲ್ಲಗೆ ಕೇಳಿದರು. “ಹೆಂಗೂ ಅದರ ಮ್ಯಾಲ ಕುಂತೀರಿ. ಮೊನ್ನೆ ಶಿಗ್ಗಾವಿಗೆ ಹೋಗ್ತೇನಿ ಅಂತ ಹೇಳಿ ಎಲ್ಲಿಗೆ ಹೋಗಿದ್ರಿ?”

ಹಿರಿಯರು ನಿಧಾನವಾಗಿ ಎದ್ದರು, ಧೋತರ ಝಾಡಿಸಿಕೊಂಡರು, ಬರಿ ನೆಲದ ಮೇಲೆ ಹೋಗಿ ನಿಂತರು. “ಶಿಗ್ಗಾವಿಗೇ ಹೋಗಿದ್ದೆ,” ಎಂದರು.

ಸುದ್ದಿ ಓಣಿ ತುಂಬಿತು. ಅಂದಿನಿಂದ ಬಂದವರು ನಮದಾ ಕಂಡರೆ ದೂರದಲ್ಲೇ ಕುಕ್ಕರಗಾಲಲ್ಲಿ ಕೂರತೊಡಗಿದರು. ನನ್ನ ಗಂಡನಂತೂ ಅದನ್ನು ತುಳಿಯದೆ ಸುತ್ತುಹಾಕಿಕೊಂಡೇ ಓಡಾಡುತ್ತಿದ್ದರು. ಕಡೆಗೆ ಅತ್ತೆಯೇ ಬೇಸತ್ತು, “ಯಾರೂ ಕುಂದ್ರದಿದ್ದನ್ನ ಯಾಕ ಹಾಸಬೇಕು? ಗ್ವಾಡೀಗೆ ಹಾಕು,” ಎಂದರು.

ಹಾಕಿದೆ. ಕೊಕ್ಕರೆಗಳು ಗೋಡೆಯ ತುಂಬ ಹಾರಿದವು. ಹೇಗಿದೆ ಎಂದು ಅಳುಕುತ್ತ ಕೇಳಿದೆ. ಅತ್ತೆ ಹತ್ತಿರ ಹೋಗಿ ಒಂದು ಕೊಕ್ಕರೆಯ ಮೇಲೆ ಅಂಗೈ ಇಟ್ಟರು.

“ಚಲೋ ಐತಿ. ಇಂಥಾದ್ದು ನಾ ಎಲ್ಲೂ ನೋಡಿಲ್ಲ.”

ನನಗೆ ಸಂತೋಷಕ್ಕೆ ಅಳುವೇ ಬಂತು. ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡುತ್ತೇನೆ, ಅವರ ಕೈ ಇನ್ನೂ ಅಲ್ಲೇ ಇತ್ತು.

“ನಿನ್ನ ಸಾರು ಮಾತ್ರ ಅಷ್ಟಕ್ಕಷ್ಟ,” ಎಂದರು.