ಎರಡು ಕ್ಯಾಮೆರಾ, ಒಂದು ತಾಳಿ

ನಿರ್ಧಾರ ತೆಗೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಶಿಡ್ಲಘಟ್ಟದಲ್ಲೇ ಇಲ್ಲವೆಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಹೆಂಗಸರು ಎರಡು ಸೀರೆಗಳನ್ನು ಮುಂದೆ ಹರಡಿಕೊಂಡು, ಇದೋ ಅದೋ ಎಂದು ಮಧ್ಯಾಹ್ನವೆಲ್ಲಾ ಒದ್ದಾಡುವಾಗ ಅಂಗಡಿಯ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದವನು ನಾನು. ಕಣ್ಣಿದೆ, ಬುದ್ಧಿಯಿದೆ. ನೋಡಬೇಕು, ಒಂದನ್ನು ಎತ್ತಿಕೊಳ್ಳಬೇಕು, ಎದ್ದು ಬರಬೇಕು. ಇಷ್ಟಕ್ಕೆ ಅಷ್ಟೊಂದು ರಾದ್ಧಾಂತ ಯಾಕೆ ಎಂದು ಕೇಳುತ್ತಿದ್ದೆ. ಈಗ ಕೇಳುವುದಿಲ್ಲ.

ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೊ. ಆಗ ಫಿಲಂ ಕ್ಯಾಮೆರಾಗಳ ಕಾಲ ಮುಗಿಯುತ್ತಾ ಬಂದಿತ್ತು. ಮದುವೆ ಫೋಟೋಗೆ ಗೊತ್ತುಮಾಡಲು ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ "ಡಿಜಿಟಲ್ಲಾ?" ಎಂದು ಕೇಳಿ, ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಎದ್ದು ಹೋಗುತ್ತಿದ್ದರು. ಅದೇ ಹೊತ್ತಿಗೆ ಚಿಂತಾಮಣಿಯಲ್ಲಿ ನನ್ನ ಹೆಂಡತಿ ಶಾರದೆಯ ತಂಗಿ ಗಾಯತ್ರಿಗೆ ಮದುವೆ ನಿಶ್ಚಯವಾಯಿತು. ಫೋಟೋ ಜವಾಬ್ದಾರಿ ದೊಡ್ಡ ಅಳಿಯನಾದ ನನ್ನ ಹೆಗಲಿಗೆ ಬಿತ್ತು.

ಇದನ್ನು ಸಣ್ಣ ವಿಷಯವೆಂದು ತಿಳಿಯಬಾರದು. ನಮ್ಮ ಅತ್ತೆಯವರು ಅದುವರೆಗೆ ನನ್ನನ್ನು ನೆಂಟರಿಗೆ ಪರಿಚಯಿಸುವಾಗ "ಶಿಡ್ಲಘಟ್ಟದಲ್ಲಿ ಏನೋ ಇಟ್ಕೊಂಡವ್ರೆ" ಎಂದಷ್ಟೇ ಹೇಳಿ, ಬೇಗನೆ ಊಟದ ವಿಷಯಕ್ಕೆ ಬಂದುಬಿಡುತ್ತಿದ್ದರು. ಈ ಸಲ ಮಾತ್ರ ಬಂದವರಿಗೆಲ್ಲ ತಾವಾಗಿಯೇ, ಫೋಟೋ ಎಲ್ಲಾ ನಮ್ಮ ದೊಡ್ಡ ಅಳಿಯಂದ್ರದೇ ಎಂದು ಹೇಳಿಕೊಳ್ಳತೊಡಗಿದರು. ಹತ್ತು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಮೊದಲ ಬಿರುದು ಅದು.

ಗಾಯತ್ರಿಯದು ಒಂದೇ ಕೋರಿಕೆ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಚಿತ್ರವೆಂದರೆ ಪುರೋಹಿತರ ಬೋಳುತಲೆ. ಅದರ ಹಿಂದೆ ಶಾರದೆಯ ಒಂದು ಕಿವಿ ಕಾಣುತ್ತದೆ. ನಾನಂತೂ ಇಲ್ಲವೇ ಇಲ್ಲ. ಆ ಚಿತ್ರ ನೋಡಿ ನಗುತ್ತಲೇ ಬೆಳೆದ ಹುಡುಗಿ ಗಾಯತ್ರಿ.

"ಭಾವ, ಬೇರೆ ಯಾವ್ದು ಕೆಟ್ರೂ ಪರ್ವಾಗಿಲ್ಲ. ತಾಳಿ ಕಟ್ಟೋದೊಂದು ಸರಿಯಾಗಿ ಬರ್ಬೇಕು. ಅಕ್ಕನ್ ಥರ ಆಗ್ಬಾರ್ದು" ಎಂದಳು.

ಕಣ್ಣು ಕಟ್ಟಿಕೊಂಡು ತೆಗೆಯುತ್ತೇನೆ ಹೋಗಮ್ಮ ಎಂದೆ. ಕಣ್ಣು ಕಟ್ಟಿಕೊಂಡಿದ್ದರೆ ಬಹುಶಃ ತೆಗೆದೇ ಬಿಡುತ್ತಿದ್ದೆ.

ಗೌರಿಬಿದನೂರಿನಲ್ಲಿ ಅಶ್ವತ್ಥಪ್ಪ ಎಂಬ ಹಳೆಯ ಗೆಳೆಯರಿದ್ದರು. ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಬರುತ್ತದೆಂದು ಭೂಮಿಗೆ ರೆಕ್ಕೆ ಬಂದಿದ್ದೇ ತಡ, ಅವರು ಸ್ಟುಡಿಯೊಗೆ ಬೀಗ ಹಾಕಿ ಸೈಟು ಮಾರಲು ಹೊರಟಿದ್ದರು. ಅವರ ಬಳಿ ಎರಡು ಡಿಜಿಟಲ್ ಕ್ಯಾಮೆರಾಗಳಿದ್ದವು. ಒಂದೇ ಕಂಪನಿ, ಒಂದೇ ಮಾಡೆಲ್ಲು, ಒಂದೇ ದಿನ ಕೊಂಡದ್ದು. ಒಂದು ನನಗೆ, ಇನ್ನೊಂದು ಅವರ ಬಾಮೈದ ತೊಂಡೇಬಾವಿಯ ನಂಜುಂಡನಿಗೆ ಎಂದು ಮಾತಾಯಿತು. ಯಾವುದು ನನಗೆ ಎಂದು ಅವರೇ ಎತ್ತಿ ಕೊಟ್ಟಿದ್ದರೆ ನಾನು ಇವತ್ತು ಈ ಬರಹ ಬರೆಯುತ್ತಿರಲಿಲ್ಲ. ಆದರೆ ಅಶ್ವತ್ಥಪ್ಪನವರು ದೊಡ್ಡ ಮನಸ್ಸಿನವರು.

"ನೀವು ಹಿರಿಯರು, ಮೊದ್ಲು ನೀವೇ ಆರಿಸ್ಕೊಳ್ಳಿ. ಎರಡೂ ತಗೊಂಡ್ಹೋಗಿ, ಮದುವೇಲಿ ಬಳಸಿ ನೋಡಿ. ಮಾರನೇ ದಿನ ನಂಜುಂಡ ಬಂದು ಉಳಿದಿದ್ದು ಇಸ್ಕೊಂಡ್ಹೋಗ್ತಾನೆ" ಎಂದರು.

ಜೊತೆಗೆ ನನ್ನ ಪಾಲಿನ ಒಂದು ಲೆನ್ಸು ಕೊಟ್ಟರು. ಇನ್ನೊಂದು ಲೆನ್ಸನ್ನು ನಂಜುಂಡ ಆಗಲೇ ಒಯ್ದಿದ್ದ. ಲೆನ್ಸು ಬಿಚ್ಚಿದಾಗ ಕ್ಯಾಮೆರಾದ ತೆರೆದ ಬಾಯಿಗೆ ಧೂಳು ಹೋಗದಂತೆ ಮುಚ್ಚುವ ಮುಚ್ಚಳವೂ ಒಂದೇ ಇತ್ತು. ಎರಡು ಕ್ಯಾಮೆರಾ, ಒಂದು ಲೆನ್ಸು, ಒಂದು ಮುಚ್ಚಳ. ಬುದ್ಧಿಯಿದ್ದವರಿಗೆ ಇಷ್ಟು ಸೂಚನೆ ಸಾಕಿತ್ತು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೇ ನನಗೆ ಚಡಪಡಿಕೆ ಶುರುವಾಗಿತ್ತು. ತೊಡೆಯ ಮೇಲೆ ಎರಡನ್ನೂ ಇಟ್ಟುಕೊಂಡು ನೋಡಿದೆ. ಒಂದರ ಹಿಡಿಯ ರಬ್ಬರು ಸ್ವಲ್ಪ ಸವೆದಿತ್ತು. ಇನ್ನೊಂದರ ಪರದೆಯ ಮೇಲೆ ಕೂದಲಿನಂಥ ಗೀರು. ಸವೆದದ್ದೆಂದರೆ ಹೆಚ್ಚು ದುಡಿದದ್ದು. ಗೀರೆಂದರೆ ಬಿದ್ದದ್ದು. ದುಡಿದದ್ದು ಮೇಲೋ, ಬಿದ್ದದ್ದು ಮೇಲೋ? ಶಿಡ್ಲಘಟ್ಟದಲ್ಲಿ ಕಂಡಕ್ಟರ್ ಬಂದು ಭುಜ ತಟ್ಟುವವರೆಗೂ ನಾನು ಈ ವಿಚಾರದಲ್ಲೇ ಇದ್ದೆ.

ಮನೆಯಲ್ಲಿ ಪರೀಕ್ಷೆಗಳು ಆರಂಭವಾದವು. ಗುರುತಿಗೆಂದು ಒಂದು ಕ್ಯಾಮೆರಾದ ನೆತ್ತಿಗೆ ಕುಂಕುಮದ ಬೊಟ್ಟಿಟ್ಟೆ, ಇನ್ನೊಂದಕ್ಕೆ ಅರಿಶಿನದ ಬೊಟ್ಟು. ಆಮೇಲೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಎರಡೆರಡು ಸಲ ತೆಗೆದೆ. ನಲ್ಲಿ, ಉಪ್ಪಿನಕಾಯಿ ಜಾಡಿ, ಗೋಡೆಯ ಮೇಲಿನ ಹಲ್ಲಿ. ಕೆಂಪು ಬಣ್ಣ ಯಾವುದರಲ್ಲಿ ಸರಿಯಾಗಿ ಬರುತ್ತದೆಂದು ತಿಳಿಯಲು ಶಾರದೆಯ ಎರಡೂ ಕೈಗೆ ಟೊಮೆಟೊ ಕೊಟ್ಟು ಕಿಟಕಿಯ ಹತ್ತಿರ ನಿಲ್ಲಿಸಿದೆ. ಕುಂಕುಮದ ಕ್ಯಾಮೆರಾದಲ್ಲಿ ಟೊಮೆಟೊ ಚೆನ್ನಾಗಿ ಬಂತು. ಅರಿಶಿನದ ಕ್ಯಾಮೆರಾದಲ್ಲಿ ಶಾರದೆ ಚೆನ್ನಾಗಿ ಬಂದಳು. ಇದನ್ನು ನಾನು ಬಾಯಿಬಿಟ್ಟು ಹೇಳಿ, ನನಗೆ ಟೊಮೆಟೊ ಮುಖ್ಯ ಎಂದೂ ಸೇರಿಸಿದೆ. ಅಷ್ಟರಲ್ಲಿ ಒಳಗಿನಿಂದ ಸಾರು ಸೀದ ವಾಸನೆ ಬಂದದ್ದರಿಂದ ಮಾತು ಬೆಳೆಯಲಿಲ್ಲ.

ಆ ವಾರವೇ ಗಾಯತ್ರಿಗೆ ಧಾರೆ ಸೀರೆ ತರಲು ಚಿಂತಾಮಣಿಗೆ ಹೋದೆವು. ಹಿಂದಿನಂತೆ ನಾನು ಮೆಟ್ಟಿಲ ಮೇಲೆ ಕೂತೆ, ಎರಡೂ ಕ್ಯಾಮೆರಾ ಜೊತೆಗೆ. ಅವಕ್ಕೊಂದು ಸುತ್ತು ಬಟ್ಟೆ ಹಾಕಿ ಒರೆಸುವಷ್ಟರಲ್ಲಿ ಶಾರದೆ ಸೀರೆ ಆರಿಸಿ, ರವಿಕೆ ಬಟ್ಟೆ ಕತ್ತರಿಸಿಕೊಂಡು ಹೊರಗೆ ಬಂದು ನಿಂತಿದ್ದಳು. ನನ್ನನ್ನು ನೋಡಿ ಮೆಟ್ಟಿಲು ಇಳಿದಳು ಅಷ್ಟೆ. ಆ ನೋಟ ನನಗೆ ಅರ್ಥವಾಗಲಿಲ್ಲವೆಂದು ನಟಿಸಿದೆ.

ಪಕ್ಕದ ಮನೆಯ ಅಮಾನುಲ್ಲಾ ಸಾಹೇಬರು ಗೂಡಿನಿಂದ ರೇಷ್ಮೆ ನೂಲು ತೆಗೆಸುವವರು. ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ಮೊದಲು ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ಅವರ ಕಸುಬಿನ ಕ್ರಮ. ಒಳಗಿನ ಹುಳ ಲೊಟಲೊಟ ಎಂದರೆ ಗೂಡು ಗಟ್ಟಿ. ಸದ್ದಿಲ್ಲದಿದ್ದರೆ ಹುಳ ಸತ್ತು ಗೋಡೆಗೆ ಅಂಟಿಕೊಂಡಿದೆ ಎಂದರ್ಥ. ನನ್ನ ಪರದಾಟ ನೋಡಲಾರದೆ ಒಂದು ಸಂಜೆ ಅವರು ಎರಡೂ ಕ್ಯಾಮೆರಾಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಈ ಕುಂಕುಮದ್ರಲ್ಲಿ ಹುಳ ಆಡ್ತೈತೆ ಮೂರ್ತಿ ಸಾಬ್. ಜೀವ ಐತೆ. ಇನ್ನೊಂದು ಸತ್ತೋಗೈತೆ, ಬಿಡಿ ಅದನ್ನ" ಎಂದರು.

ನಾನೂ ಅಲ್ಲಾಡಿಸಿದೆ. ನಿಜ, ಕುಂಕುಮದ್ದು ಒಳಗೆ ಸಣ್ಣಗೆ ಲೊಟಗುಟ್ಟುತ್ತಿತ್ತು! ಕ್ಯಾಮೆರಾದಲ್ಲಿ ಲೊಟಗುಟ್ಟುವುದೆಂದರೆ ಏನೋ ಸಡಿಲವಾಗಿದೆ ಎಂದಲ್ಲವೇ? ಅಥವಾ ಒಳಗೆ ಅಂಥದ್ದೊಂದು ಭಾಗ ಇರಲೇಬೇಕೋ? ಹಾಗಿದ್ದರೆ ಅರಿಶಿನದ್ದರಲ್ಲಿ ಅದು ಎಲ್ಲಿ ಹೋಯಿತು? ಅಶ್ವತ್ಥಪ್ಪನವರಿಗೆ ಫೋನು ಮಾಡಿದೆ. ಅವರು ಯಾವುದೋ ಬಯಲಿನಲ್ಲಿ ಗಿರಾಕಿಗಳಿಗೆ ಸೈಟಿನ ಗಡಿಕಲ್ಲು ತೋರಿಸುತ್ತಿದ್ದರು. "ಕ್ಯಾಮೆರಾ ಯಾಕ್ ಅಲ್ಲಾಡಿಸ್ತೀರಾ, ಫೋಟೋ ತೆಗೀರಿ" ಎಂದು ಹೇಳಿ ಇಟ್ಟರು. ಅಂದಿನಿಂದ ನಾನು ಅಲ್ಲಾಡಿಸುವುದು ಬಿಡಲಿಲ್ಲ. ಸ್ನಾನಕ್ಕೆ ಹೋಗುವ ಮುಂಚೆ ಒಮ್ಮೆ, ತಿಂಡಿ ತಿನ್ನುತ್ತಾ ಒಮ್ಮೆ. ಸ್ಟುಡಿಯೊಗೆ ಪಾಸ್‌ಪೋರ್ಟ್ ಫೋಟೋಗೆ ಬಂದವರ ಎದುರಿಗೂ ಅಲ್ಲಾಡಿಸಿ ಕಿವಿಗೊಡುತ್ತಿದ್ದೆ. ಅವರಲ್ಲಿ ಒಬ್ಬರು ನಾಳೆ ಬರುತ್ತೇನೆಂದು ಹೋದವರು ಮತ್ತೆ ಬರಲಿಲ್ಲ.

ಮದುವೆಯ ದಿನ ಬಂತು. ಹೊರಡುವಾಗ ಶಾರದೆ ಬಾಗಿಲಲ್ಲೇ ನಿಂತು ಕೈಮುಗಿಯುವುದೊಂದು ಬಾಕಿ.

"ರೀ, ಯಾವ್ದಾದ್ರೂ ಒಂದು ತಗೊಳ್ಳಿ, ಒಂದನ್ನ ಮನೇಲಿಟ್ಟು ಬನ್ನಿ. ನನ್ ತಂಗಿ ಮದ್ವೆ ನಿಮ್ ಪರೀಕ್ಷೆಗಲ್ಲ."

ಕಸುಬಿನ ಸೂಕ್ಷ್ಮ ನಿನಗೆ ತಿಳಿಯದು ಎಂದೆ. ನನ್ನ ಯೋಜನೆ ಹೀಗಿತ್ತು: ಪ್ರತಿಯೊಂದು ಶಾಸ್ತ್ರವನ್ನೂ ಮೊದಲು ಒಂದು ಕ್ಯಾಮೆರಾದಲ್ಲಿ ತೆಗೆಯುವುದು, ಲೆನ್ಸು ಬಿಚ್ಚಿ ಇನ್ನೊಂದಕ್ಕೆ ಹಾಕುವುದು, ಅದನ್ನೇ ಮತ್ತೊಮ್ಮೆ ತೆಗೆಯುವುದು. ಸಂಜೆಗೆ ಸತ್ಯ ಹೊರಬೀಳುವುದು. ಕೊರಳಿಗೆ ಎರಡೂ ಕ್ಯಾಮೆರಾ ನೇತುಹಾಕಿಕೊಂಡು ಕಲ್ಯಾಣ ಮಂಟಪಕ್ಕೆ ಕಾಲಿಟ್ಟಾಗ ಅತ್ತೆಯವರು ಬೀಗರ ಕಡೆಯವರಿಗೆ ನನ್ನನ್ನು ತೋರಿಸಿ, ಎರಡೆರಡು ತಂದವ್ರೆ ನೋಡಿ ಎಂದರು. ನಾನು ಇನ್ನಷ್ಟು ನೆಟ್ಟಗಾದೆ.

ಕಾಶೀಯಾತ್ರೆ ಎರಡರಲ್ಲೂ ಬಂತು. ಜೀರಿಗೆ ಬೆಲ್ಲವೂ ಬಂತು. ಧಾರೆ ಎರೆಯುವಾಗ ಎರಡನೆಯ ಸಲಕ್ಕೆ ನೀರು ಮುಗಿದಿತ್ತು, ಆದರೂ ಖಾಲಿ ಚೊಂಬು ಬಂತು. ಈ ನಡುವೆ ನನಗೊಂದು ಹೊಸ ಚಿಂತೆ ಹತ್ತಿಕೊಂಡಿತ್ತು. ತಾಳಿ ಚಿನ್ನದ್ದು. ಚಿನ್ನಕ್ಕೆ ಅರಿಶಿನದ ಕ್ಯಾಮೆರಾ ವಾಸಿಯೇ? ಆದರೆ ಗಾಯತ್ರಿ ಉಟ್ಟಿದ್ದು ಕೆಂಪು ಸೀರೆ. ಕೆಂಪಿಗೆ ಕುಂಕುಮದ್ದೇ ಎಂದು ಟೊಮೆಟೊ ಹೇಳಿತ್ತಲ್ಲ!

ಪುರೋಹಿತರು ತಾಳಿಯನ್ನು ತಟ್ಟೆಯಲ್ಲಿಟ್ಟು ಎಲ್ಲರಿಗೂ ಮುಟ್ಟಿಸಿಕೊಂಡು ಬರಲು ಕಳಿಸಿದರು. ಲೆನ್ಸು ಆಗ ಕುಂಕುಮದ್ದರಲ್ಲಿತ್ತು. ಅದನ್ನು ಬಿಚ್ಚಿ ಅರಿಶಿನದ್ದಕ್ಕೆ ಹಾಕಿದೆ. ತಟ್ಟೆ ವಾಪಸು ಬಂತು. ವರ ಎದ್ದು ನಿಂತ. ಗಾಯತ್ರಿ ತಲೆ ತಗ್ಗಿಸುವ ಮುಂಚೆ ಒಂದು ಕ್ಷಣ ನನ್ನ ಕಡೆ ನೋಡಿದಳು. ಆ ಕೆಂಪು ಸೀರೆಯನ್ನು ನೋಡಿದ್ದೇ ನನ್ನ ಮನಸ್ಸು ತಿರುಗಿತು. ಲೆನ್ಸು ಮತ್ತೆ ಬಿಚ್ಚಿದೆ. ಕುಂಕುಮದ್ದರ ಮುಚ್ಚಳ ತೆಗೆದು, ಇಡಲು ಮೂರನೆಯ ಕೈ ಇಲ್ಲದ್ದರಿಂದ ಹಲ್ಲಿನಲ್ಲಿ ಕಚ್ಚಿಕೊಂಡೆ. ಬೆವರಿದ ಕೈಯಲ್ಲಿ ಲೆನ್ಸು ಜಾರಿತು, ಹಿಡಿದೆ, ತಿರುಗಿಸಿದೆ, ಕೂರಲಿಲ್ಲ. ಪುರೋಹಿತರು ಕೈಯೆತ್ತಿದರು. ಗಟ್ಟಿಮೇಳ!

ಡೋಲು ನಾದಸ್ವರಗಳು ಒಟ್ಟಿಗೆ ಭೋರ್ಗರೆದವು. ಇಡೀ ಮಂಟಪ ಎದ್ದು ಅಕ್ಷತೆ ಎಸೆಯಿತು. ನಾನು ವಧೂವರರ ಮುಂದೆಯೇ ನಿಂತಿದ್ದೆನಾದ್ದರಿಂದ ಮುಕ್ಕಾಲು ಪಾಲು ನನ್ನ ಮೇಲೇ ಬಿತ್ತು. ಎದೆಯ ಮೇಲೆ ಎರಡು ಕ್ಯಾಮೆರಾಗಳು ಬಾಯಿ ತೆರೆದುಕೊಂಡು ನೇತಾಡುತ್ತಿದ್ದವು. ಅರಿಶಿನ ಹಚ್ಚಿದ ಅಕ್ಕಿ ಎರಡರೊಳಕ್ಕೂ ಧಾರಾಳವಾಗಿ ಬಿತ್ತು. ನಾನು ಲೆನ್ಸು ಕೂರಿಸಿ ತಲೆಯೆತ್ತುವಾಗ ಮೇಳ ನಿಂತಿತ್ತು. ವರ ಮೂರನೆಯ ಗಂಟು ಹಾಕಿ ಕೈ ಒರೆಸಿಕೊಳ್ಳುತ್ತಿದ್ದ.

ಬಾಯಿಂದ ಮುಚ್ಚಳ ತೆಗೆದು, ಇನ್ನೊಂದು ಸಲ ಕಟ್ಟುವ ಹಾಗೆ ಕೈ ಹಿಡಿದು ತೋರಿಸಿದರೆ ಸಾಕು ಎಂದು ಮೆಲ್ಲಗೆ ಕೇಳಿದೆ. ಪುರೋಹಿತರು ಅತ್ತೆಯವರ ಮುಖ ನೋಡಿದರು.

"ಏಮಪ್ಪಾ, ಇದೇನ್ ನಾಟಕಾನಾ? ಕಟ್ಟಿದ್ದು ಕಟ್ಟಾಯ್ತು" ಎಂದರು ಅತ್ತೆ. ಅದುವರೆಗೆ ನಾನು ಅವರಿಗೆ 'ಅಳಿಯಂದ್ರೇ' ಆಗಿದ್ದೆ.

ಗಾಯತ್ರಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಕೊರಳ ಹಾರ ಸರಿಮಾಡಿಕೊಂಡು, ಹೋಗ್ಲಿ ಬಿಡಿ ಭಾವ, ಊಟ ಮಾಡಿ ಎಂದಳು. ನಾನು ಅಡುಗೆಮನೆಯ ಹಿಂದೆ ಹೋಗಿ, ಲೆನ್ಸು ಬಿಚ್ಚಿ ಜೇಬಿಗೆ ತುರುಕಿಕೊಂಡೆ. ನನಗೆ ನಿಜವಾಗಿ ಅಳು ಬಂದಿತ್ತು. ಬೆವರು ಒರೆಸುವ ನೆಪದಲ್ಲಿ ಅದನ್ನೂ ಒರೆಸಿಕೊಂಡೆ.

ಒರೆಸಿಕೊಂಡ ಮೇಲೆ ಕರವಸ್ತ್ರ ನೋಡಿದೆ. ಕೆಂಪು, ಹಳದಿ. ಗಾಬರಿಯಿಂದ ಕ್ಯಾಮೆರಾಗಳನ್ನು ನೋಡಿದೆ. ಎರಡರ ನೆತ್ತಿಯ ಮೇಲೂ ಬೆವರಿನಲ್ಲಿ ಕಲಸಿದ ಒಂದೇ ಕಿತ್ತಳೆ ಬಣ್ಣ. ಹಿಡಿಯ ರಬ್ಬರಿನ ಸವೆತವಿತ್ತಲ್ಲ, ಅದನ್ನು ನೋಡೋಣವೆಂದರೆ ಒಂದು ವಾರ ಎರಡನ್ನೂ ತಿಕ್ಕಿ ತಿಕ್ಕಿ ಸಮ ಮಾಡಿದ್ದೆ. ಗೀರುಗಳೂ ಈಗ ಎರಡರಲ್ಲೂ ಇದ್ದವು. ಉಳಿದದ್ದು ಒಂದೇ ಉಪಾಯ. ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಲೊಟಲೊಟ. ಇನ್ನೊಂದನ್ನು ಅಲ್ಲಾಡಿಸಿದೆ. ಅದೂ ಲೊಟಲೊಟ. ಅಕ್ಷತೆಯ ಕೃಪೆಯಿಂದ ಈಗ ಎರಡರಲ್ಲೂ ಜೀವವಿತ್ತು!

ಮಾರನೆಯ ದಿನ ನಂಜುಂಡ ಬಂದ. ಆರಿಸಿದ್ದಾಯ್ತಾ ಅಣ್ಣ ಎಂದು ಕೇಳಿದ. ನಾನು ಎರಡನ್ನೂ ತಲೆಕೆಳಗು ಮಾಡಿ, ಊದಿ, ಬಂದಷ್ಟು ಅಕ್ಕಿ ಉದುರಿಸಿ, ಇನ್ನೂ ಲೊಟಗುಟ್ಟುತ್ತಿದ್ದ ಎರಡನ್ನೂ ಮೇಜಿನ ಮೇಲಿಟ್ಟು ಅದುವರೆಗೆ ದಿಟ್ಟಿಸುತ್ತಾ ಕೂತಿದ್ದೆ. ಉತ್ತರಕ್ಕೆ ಕಾಯದೆ ಅವನು ಕೈಗೆ ಹತ್ತಿರವಿದ್ದದ್ದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಶಾರದೆ ಕೊಟ್ಟ ಕಾಫಿಯನ್ನು ನಿಂತೇ ಕುಡಿದು ಹೊರಟ. ಅವನು ಬೀದಿಯ ತಿರುವು ದಾಟುವ ಮೊದಲೇ ನನಗೆ ಖಚಿತವಾಯಿತು, ಅವನು ಒಯ್ದದ್ದೇ ಒಳ್ಳೆಯದು.

ಆಲ್ಬಮ್ಮಿಗೆ ತಾಳಿಯ ಚಿತ್ರ ಬೇಕಲ್ಲ. ವಿಡಿಯೋ ತೆಗೆದಿದ್ದ ಶಂಕರ ಕೊನೆಗೆ ತನ್ನ ಕ್ಯಾಸೆಟ್ಟಿನಿಂದ ಒಂದು ದೃಶ್ಯವನ್ನು ನಿಲ್ಲಿಸಿ ಚಿತ್ರ ಮಾಡಿಕೊಟ್ಟ. ತಾಳಿ ಸ್ಪಷ್ಟವಾಗಿ ಕಾಣುವುದು ಅದೊಂದರಲ್ಲೇ. ಅದರಲ್ಲಿ ಗಾಯತ್ರಿಯ ತಗ್ಗಿದ ಮುಖ, ವರನ ಕೈ, ಪುರೋಹಿತರು, ಅತ್ತೆ, ಶಾರದೆ, ಎಲ್ಲರ ಕಣ್ಣೂ ತಾಳಿಯ ಮೇಲೇ. ಅವರ ನಡುವೆ ಬಾಯಲ್ಲಿ ಮುಚ್ಚಳ ಕಚ್ಚಿಕೊಂಡು ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿರುವ ಒಬ್ಬ ಮನುಷ್ಯ. ಅವನನ್ನು ಕತ್ತರಿಸಿ ತೆಗೆಯಲು ಕಂಪ್ಯೂಟರಿನ ಮುಂದೆ ಬಹಳ ಹೆಣಗಿದೆ. ಅವನ ಹೆಗಲು ಕತ್ತರಿಸಿದರೆ ವರನ ಮೊಣಕೈಯೂ ಹೋಗುತ್ತಿತ್ತು.

ಆ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅತ್ತೆಯವರು ನಡುಮನೆಯಲ್ಲಿ ತೂಗುಹಾಕಿದ್ದಾರೆ. ಮೊನ್ನೆ ಹೋಗಿದ್ದಾಗ ಮುರುಗಮಲ್ಲದ ಕಡೆಯ ನೆಂಟರೊಬ್ಬರು ಬಂದಿದ್ದರು. ಚಿತ್ರದ ಹತ್ತಿರ ಹೋಗಿ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಯಾರೆಂದು ಕೇಳುತ್ತಾ ಬಂದರು. ಕೊನೆಗೆ ಬೆರಳು ಬಾಯಲ್ಲಿ ಮುಚ್ಚಳ ಇಟ್ಟುಕೊಂಡವನ ಮೇಲೆ ನಿಂತಿತು.

"ಅವ್ರಾ? ಯಾರೋ ಫೋಟೋದೋರು" ಎಂದರು ಅತ್ತೆ.

ನಾನು ಅದೇ ಚಿತ್ರದ ಕೆಳಗೆ ಕೂತು ಕಾಫಿ ಕುಡಿಯುತ್ತಿದ್ದೆ. ನೆಂಟರು ನನ್ನನ್ನೂ ಚಿತ್ರವನ್ನೂ ಒಂದೆರಡು ಸಲ ತಿರುತಿರುಗಿ ನೋಡಿದರು. ಇಬ್ಬರೂ ಒಂದೇ ಥರ ಕಂಡಿರಬೇಕು, ಪಾಪ, ಅವರಿಗೂ ನಿರ್ಧಾರಕ್ಕೆ ಬರಲಾಗಲಿಲ್ಲ.